ಲೆನ್ಸ್ ಜರುಗಿದ ಕಣ್ಣು ಕಂಡರೆ ಎಕೋ ಯಾಕೆ ಬರೆಯುತ್ತೇನೆ

ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಕಣ್ಣು ತೋರಿಸಲು ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಬರೀ ಮೈನಸ್ ನಂಬರ್. ಆದರೆ ಸಿಲಿಂಡರ್ ನಂಬರ್ (ಓರೆ ನೋಟ ಸರಿಪಡಿಸುವ ನಂಬರ್) ವಿಪರೀತ ಏರಿ, ಕನ್ನಡಕ ಹಾಕಿದರೂ ಬೋರ್ಡು ಕಾಣದಿದ್ದರೆ, ಕಣ್ಣೊಳಗಿನ ಲೆನ್ಸೇ ಜಾಗ ಬಿಟ್ಟು ಜರುಗಿದೆಯೇನೋ ಅಂತ ನನಗೆ ಅನುಮಾನ ಶುರುವಾಗುತ್ತದೆ.

ಪಾಪೆ ಅರಳಿಸುವ ಹನಿ ಹಾಕುವ ಮೊದಲೇ ಮಗುವಿಗೆ ಆಚೆ ಈಚೆ ನೋಡಲು ಹೇಳುತ್ತೇನೆ. ಹಿಂದೆ ಲೆನ್ಸಿನ ಆಸರೆ ತಪ್ಪಿದ್ದರೆ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸಣ್ಣಗೆ ಅದುರುತ್ತದೆ. ಪಾಪೆ ಅರಳಿದ ಮೇಲೆ ಆ ಅದುರು ಸುಲಭಕ್ಕೆ ಸಿಗದು. ಆಗ ನೋಡಬೇಕಾದ್ದು ಲೆನ್ಸಿನ ಅಂಚು.

ಕಣ್ಣಿಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಮಗುವನ್ನು ಎದ್ದು ನಿಲ್ಲಿಸಿ ಕೈ ನೋಡುತ್ತೇನೆ. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದಾಗ ಅದರ ತುದಿ ಕಿರುಬೆರಳಿನ ಆಚೆ ಇಣುಕಿದರೆ ಮಾರ್ಫಾನ್ ನೆನಪಾಗುತ್ತದೆ; ಅದು ಮೈ, ಕೈಬೆರಳು ಉದ್ದವಾಗಿಸುವ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರಬಹುದಾದ ಕಾಯಿಲೆ. ‘ಇವರಪ್ಪನೂ ಹೀಗೇ ಡಾಕ್ಟ್ರೇ, ಊರಲ್ಲಿ ಏಣಿ ಅಂತಲೇ ಕರೀತಾರೆ’ ಅಂತ ತಾಯಿ ನಗುತ್ತಾರೆ. ನನಗೆ ಬೇಕಿದ್ದ ಮಾತು ಅದೇ! ಲೆನ್ಸ್ ಹಿಡಿದಿಡುವ ಎಳೆಗಳಲ್ಲೂ ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆಯಲ್ಲೂ ಫೈಬ್ರಿಲಿನ್ ಎಂಬ ಪ್ರೋಟೀನ್ ಇದೆ. ಅದು ಸರಿ ಇಲ್ಲದಿದ್ದರೆ ಇಲ್ಲಿ ಲೆನ್ಸ್ ಜರುಗುತ್ತದೆ, ಅಲ್ಲಿ ಧಮನಿಯ ಬುಡ ಹಿಗ್ಗುತ್ತದೆ. ಇವೆರಡೂ ಇದ್ದರೆ ಮಾರ್ಫಾನ್ ಅನ್ನಲು ಸಾಕು ಎನ್ನುತ್ತದೆ ಈ ಕಾಯಿಲೆ ಗುರುತಿಸಲು ವೈದ್ಯರು ಬಳಸುವ 2010ರ ಮಾನದಂಡ. ಹಾಗಾಗಿ ಮಗುವಿಗೂ ಅಪ್ಪನಿಗೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬರೆಯುತ್ತೇನೆ. ಅಪ್ಪ ಅಡಿಕೆ ಮರ ಹತ್ತುವವರಾದರೆ, ಮುಂದೆ ಹತ್ತಬಹುದಾ ಅಂತ ಹೃದಯದ ಡಾಕ್ಟರೇ ಹೇಳಬೇಕು.

ಮಾರ್ಫಾನ್‌ನಲ್ಲಿ ಲೆನ್ಸ್ ಸಾಮಾನ್ಯವಾಗಿ ಮೇಲಕ್ಕೆ, ಕಿವಿಯ ಕಡೆಗೆ ಸರಿದಿರುತ್ತದೆ. ಕೆಳಕ್ಕೆ, ಮೂಗಿನ ಕಡೆ ಸರಿದಿದ್ದರೆ ಹೋಮೋಸಿಸ್ಟಿನ್ಯೂರಿಯಾ, ಅಂದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಏರುವ ಕಾಯಿಲೆ, ಇರಬಹುದು. ದಿಕ್ಕೊಂದನ್ನೇ ನಂಬಿ ಕೂರುವಂತಿಲ್ಲ ಬಿಡಿ. ಇದರಲ್ಲೂ ಮಗು ಉದ್ದ, ತೆಳ್ಳಗೆ ಇರುತ್ತದೆ. ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರಾ ಅಂತ ಕೇಳುತ್ತೇನೆ, ಯಾಕೆಂದರೆ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ. ರಕ್ತದಲ್ಲಿ ಹೋಮೋಸಿಸ್ಟೀನ್ ಎಷ್ಟಿದೆ ಅಂತ ತಿಳಿಯದೆ ಆಪರೇಷನ್ನಿಗೆ ದಿನ ಗೊತ್ತು ಮಾಡುವುದಿಲ್ಲ. ಇವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಪೂರ್ತಿ ಅರಿವಳಿಕೆ ಕೊಟ್ಟಾಗ ಅದು ಇನ್ನೂ ಜಾಸ್ತಿ. ಕೆಲವರಿಗೆ ಬಿ6 ವಿಟಮಿನ್ ಮಾತ್ರೆಯಿಂದಲೇ ಹೋಮೋಸಿಸ್ಟೀನ್ ಹತೋಟಿಗೆ ಬರುತ್ತದೆ.

ಕನ್ನಡಕದಲ್ಲಿ ಓದಲು ಆಗುತ್ತಿದ್ದರೆ ಲೆನ್ಸ್ ತೆಗೆಯುವ ಆತುರ ನನಗಿಲ್ಲ. ಆದರೆ ಅದು ಐರಿಸ್‌ಗಿಂತ ಮುಂದೆ ಬಂದು ಬಿದ್ದರೆ ಕಣ್ಣಿನ ಒತ್ತಡ ಏರಿಬಿಡುತ್ತದೆ. ಕಣ್ಣು ಕೆಂಪಾಗಿ ನೋವು, ವಾಂತಿ ಶುರುವಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, ರಾತ್ರಿಯೇ ಹೊರಡಿ ಅಂತ ಹೇಳಿ ಕಳಿಸುತ್ತೇನೆ.