ಅಚ್ಚರಿ ಹಂಚುವ ಮುಂಚೆ ನಾನು ಮಾಡುವ ಕೆಲಸ

ಅಂತರ್ಜಾಲದಲ್ಲಿ ಏನಾದರೂ ಅಪರೂಪದ್ದು ಕಣ್ಣಿಗೆ ಬಿದ್ದರೆ ನನಗೆ ಒಬ್ಬನೇ ನೋಡಿ ಸುಮ್ನಿರೋಕೆ ಆಗುವುದಿಲ್ಲ. ಯಾರಿಗಾದರೂ ತೋರಿಸಲೇಬೇಕು. ಮನೆಯವರಿಗೆ, ನೆಂಟರಿಗೆ, ಗೆಳೆಯರಿಗೆ ಹಲವು ವರ್ಷಗಳಿಂದ ಹೀಗೆ ಕಳಿಸುತ್ತಾ ಬಂದಿದ್ದೇನೆ. ಆದರೆ ಸಿಕ್ಕಿದ್ದನ್ನೆಲ್ಲ ಎಲ್ಲರಿಗೂ ಫಾರ್ವರ್ಡ್ ಮಾಡುವುದಿಲ್ಲ. ಇದು ಯಾರಿಗೆ ಇಷ್ಟ ಆಗಬಹುದು ಅಂತ ಮೊದಲು ಯೋಚಿಸುತ್ತೇನೆ. ಆ ಒಬ್ಬರಿಗೆ ಮಾತ್ರ ಕಳಿಸುತ್ತೇನೆ.

ನಮ್ಮ ಚಿಕ್ಕಪ್ಪನ ಉದಾಹರಣೆ ಹೇಳುತ್ತೇನೆ. ಅವರದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮೇ ತಿಂಗಳು ಮುಗಿಯುತ್ತಾ ಬಂತು ಅಂದರೆ ಅವರ ಕಣ್ಣು ಆಕಾಶದ ಮೇಲೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು, ಮಳೆ ಹಿಡಿಯುವುದು ಯಾವಾಗ ಅನ್ನುವುದೇ ಚಿಂತೆ. ಅವರಿಗೆ ನಾನು ಕಳಿಸಿದ್ದು 'ಅರ್ತ್ ನಲ್‌ಸ್ಕೂಲ್' ಅನ್ನುವ ಪುಟ. ಕ್ಯಾಮರಾನ್ ಬೆಕ್ಕಾರಿಯೋ ಎನ್ನುವವರು ಮಾಡಿದ್ದು. ತೆರೆದರೆ ಕಪ್ಪು ಹಿನ್ನೆಲೆಯಲ್ಲಿ ಭೂಗೋಳ. ಅದರ ಮೇಲೆ ಗಾಳಿ ಸಣ್ಣ ಸಣ್ಣ ಗೆರೆಗಳಾಗಿ ಹರಿಯುತ್ತಿರುತ್ತದೆ. ಅಮೆರಿಕದ ಹವಾಮಾನ ಸಂಸ್ಥೆಯ ಕಂಪ್ಯೂಟರ್ ಲೆಕ್ಕಾಚಾರದಿಂದ ತೆಗೆದ ಮಾಹಿತಿ ಅದು. ಮೂರು ಗಂಟೆಗೊಮ್ಮೆ ಚಿತ್ರ ಬದಲಾಗುತ್ತದೆ.

ಬರೀ ಲಿಂಕ್ ಕಳಿಸಿದ್ದರೆ ಚಿಕ್ಕಪ್ಪ 'ಚೆನ್ನಾಗಿದೆ' ಅಂದು ಮುಚ್ಚಿಬಿಡುತ್ತಿದ್ದರು. ಹಾಗಾಗಿ ಜೊತೆಗೆ ಬರೆದೆ: 'ಚಿಕ್ಕಪ್ಪ, ಭೂಮಿಯನ್ನು ಬೆರಳಲ್ಲಿ ತಿರುಗಿಸಿ. ಆಫ್ರಿಕಾದ ಪಕ್ಕ ಮಡಗಾಸ್ಕರ್ ದ್ವೀಪ ಹುಡುಕಿ. ಅದರ ಉತ್ತರದಲ್ಲಿ ಗಾಳಿಯ ಒಂದು ಗೆರೆ ಹಿಡಿದುಕೊಳ್ಳಿ. ಅದು ಹೋದ ಕಡೆಗೆ ನೀವೂ ಹೋಗಿ.' ಜೂನ್ ತಿಂಗಳಲ್ಲಿ ಹಾಗೆ ಹೋದರೆ ಆ ಗೆರೆ ಆಫ್ರಿಕಾದ ಕರಾವಳಿಯನ್ನು ಸವರಿಕೊಂಡು ಭೂಮಧ್ಯರೇಖೆ ದಾಟುತ್ತದೆ. ಸೊಮಾಲಿಯಾ ಹತ್ತಿರ ಬಲಕ್ಕೆ ಹೊರಳುತ್ತದೆ. ಭೂಮಿ ತಿರುಗುವುದರಿಂದ ಆಗುವ ಹೊರಳು ಅದು. ಅಲ್ಲಿಂದ ಅರಬ್ಬಿ ಸಮುದ್ರದ ಮೇಲೆ ನೀರಿನ ಪಸೆ ಹೀರಿಕೊಂಡು ಜೋರಾಗಿ ಬೀಸುತ್ತಾ ನಮ್ಮ ಕರಾವಳಿಗೆ ಬರುತ್ತದೆ. ಘಟ್ಟ ಅಡ್ಡ ಬಂದಾಗ ಮೇಲೇರಿ, ತಣ್ಣಗಾಗಿ, ಮಳೆ ಸುರಿಸುತ್ತದೆ. ಮೆನುವಿನಲ್ಲಿ ಎತ್ತರ ಅನ್ನುವ ಕಡೆ 850 (ಇದು ಮೀಟರ್ ಅಲ್ಲ, ಗಾಳಿಯ ಒತ್ತಡದ ಅಳತೆ) ಒತ್ತಿದರೆ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ ಕಾಣುತ್ತದೆ. ಮುಂಗಾರಿನ ನಿಜವಾದ ಸೆಳವು ನೋಡಬೇಕಾದ್ದು ಅಲ್ಲೇ.

ಸಂಜೆ ಚಿಕ್ಕಪ್ಪನ ಫೋನ್ ಬಂತು. 'ಅಲ್ಲೋ, ನಮ್ಮ ಮಳೆ ಆಫ್ರಿಕಾ ಸುತ್ಕೊಂಡು ಬರ್ತದೇನೋ? ಇಷ್ಟು ವರ್ಷ ಮಳೆ ನೋಡಿದೀನಿ, ಅದು ಬರೋ ದಾರಿ ನೋಡಿರ್ಲಿಲ್ಲ' ಅಂದರು. ಈಗ ಮುಂಗಾರು ಶುರುವಾಗುವ ಹೊತ್ತಿಗೆ ಅವರೇ ಆ ಪುಟ ತೆರೆದು, 'ಸೊಮಾಲಿಯಾ ಕಡೆ ಗಾಳಿ ಇನ್ನೂ ಬಿರುಸಾಗಿಲ್ಲ ಕಣೋ' ಅಂತ ನನಗೆ ವರದಿ ಕೊಡುತ್ತಾರೆ. ಇದಕ್ಕಿಂತ ಇನ್ನೇನು ಬೇಕು ಹೇಳಿ?

ಅಕ್ಕನ ಮಗಳಿಗೆ ಹಕ್ಕಿ ಅಂದರೆ ಪ್ರಾಣ. ಅವಳಿಗೆ 'ಕ್ಸೆನೋ ಕ್ಯಾಂಟೋ' ತೋರಿಸಿದೆ. ಜಗತ್ತಿನ ಎಲ್ಲ ಕಡೆಯ ಜನ ತಾವು ರೆಕಾರ್ಡ್ ಮಾಡಿದ ಹಕ್ಕಿಗಳ ದನಿಯನ್ನು 2005ರಿಂದ ಅಲ್ಲಿಗೆ ಸೇರಿಸುತ್ತಿದ್ದಾರೆ. ಎಲ್ಲಿ, ಯಾವ ದಿನ, ಯಾರು ರೆಕಾರ್ಡ್ ಮಾಡಿದ್ದು ಎಲ್ಲವೂ ಇರುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳ ಬಳಿ ಬೆಳಗಿನ ಜಾವ ಹುಡುಗ ಶಿಳ್ಳೆ ಹಾಕಿದ ಹಾಗೆ ಹಾಡುವ ಮಲಬಾರ್ ವಿಸ್ಲಿಂಗ್ ಥ್ರಷ್ ಇದೆಯಲ್ಲ, ಅದರಿಂದ ಶುರು ಮಾಡು ಅಂದೆ. ಉಳಿದದ್ದನ್ನು ಅವಳೇ ಹುಡುಕಿಕೊಂಡಳು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕಳಿಸುವ ಮುಂಚೆ ಅದು ನಿಜವೇ ಅಂತ ನೋಡುತ್ತೇನೆ. ಪ್ರತಿ ದೀಪಾವಳಿಗೆ ಒಂದು ಚಿತ್ರ ಓಡಾಡುತ್ತದೆ, ನಿಮಗೂ ಬಂದಿರುತ್ತದೆ. ಭಾರತದ ನಕ್ಷೆಯ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬೆಳಕು. 'ದೀಪಾವಳಿ ರಾತ್ರಿ ಅಂತರಿಕ್ಷದಿಂದ ನಾಸಾ ತೆಗೆದ ಭಾರತದ ಫೋಟೋ' ಅನ್ನುವ ಒಕ್ಕಣೆ. ನೋಡಿದ ಕೂಡಲೇ ಕಳಿಸಬೇಕು ಅನ್ನಿಸುತ್ತದೆ.

ಇಂಥದ್ದು ಬಂದಾಗ ನಾನು ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಆ ಚಿತ್ರವನ್ನೇ ಹಾಕಿ ಹುಡುಕುತ್ತೇನೆ. ಆಮೇಲೆ ಯಾರ ಹೆಸರು ಹೇಳಿದ್ದಾರೋ ಅವರ ಸ್ವಂತ ಪುಟಕ್ಕೆ ಹೋಗುತ್ತೇನೆ. ಈ ಚಿತ್ರದ ವಿಷಯದಲ್ಲಿ ನಾಸಾದ 'ಅರ್ತ್ ಅಬ್ಸರ್ವೇಟರಿ' ಪುಟ ತಾನೇ ಉತ್ತರ ಕೊಟ್ಟಿದೆ. ಅದು ಒಂದು ರಾತ್ರಿಯ ಫೋಟೋ ಅಲ್ಲವೇ ಅಲ್ಲ. ಅಮೆರಿಕದ ಹವಾಮಾನ, ಸಾಗರ ಸಂಸ್ಥೆಯಾದ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಉಪಗ್ರಹದ ಮಾಹಿತಿಯಿಂದ ಮಾಡಿದ ಚಿತ್ರ. ಜನಸಂಖ್ಯೆ ಹೇಗೆ ಬೆಳೆಯಿತು ಅಂತ ತೋರಿಸಲು ಮಾಡಿದ್ದು. ಬಿಳಿ ಇರುವಲ್ಲಿ 1992ಕ್ಕಿಂತ ಮೊದಲೇ ದೀಪ ಕಾಣುತ್ತಿತ್ತು. ನೀಲಿ ಇರುವಲ್ಲಿ ಕಂಡದ್ದು 1992ರಲ್ಲಿ, ಹಸಿರು ಇರುವಲ್ಲಿ 1998ರಲ್ಲಿ, ಕೆಂಪು ಇರುವಲ್ಲಿ 2003ರಲ್ಲಿ. ನಿಜವಾದ ದೀಪಾವಳಿ ಹೊತ್ತಿನ ಚಿತ್ರವನ್ನೂ ನಾಸಾ ಹಾಕಿದೆ, 2012ರ ನವೆಂಬರ್ 12ರದ್ದು. ಅದರಲ್ಲಿ ಊರುಗಳ ಎಂದಿನ ಬೆಳಕು ಕಾಣುತ್ತದೆ ಅಷ್ಟೇ. ಹಬ್ಬದಿಂದ ಹೆಚ್ಚಾಗುವ ಬೆಳಕು ಬಹುಶಃ ಅಂತರಿಕ್ಷದಿಂದ ಗೊತ್ತೇ ಆಗದಷ್ಟು ಕಡಿಮೆ ಅನ್ನುತ್ತದೆ ನಾಸಾ.

ಇದನ್ನೆಲ್ಲ ತಿಳಿದ ಮೇಲೆ ಆ ಬಣ್ಣದ ಚಿತ್ರ ನನಗೆ ಮೊದಲಿಗಿಂತ ಜಾಸ್ತಿ ಇಷ್ಟ ಆಯಿತು. ಹಬ್ಬದ ಒಂದು ರಾತ್ರಿಗಿಂತ, ಒಂದು ದೇಶ ವರ್ಷ ವರ್ಷಕ್ಕೂ ಊರೂರಲ್ಲಿ ದೀಪ ಹಚ್ಚುತ್ತಾ ಬಂದದ್ದು ದೊಡ್ಡ ವಿಷಯ ಅಲ್ವಾ? ಈಗ ಯಾರಾದರೂ ಆ ಚಿತ್ರ ಕಳಿಸಿದರೆ 'ಸುಳ್ಳು' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. 'ಅತ್ತೆ, ಈ ಬಣ್ಣಗಳ ಕಥೆ ಗೊತ್ತಾ?' ಅಂತ ಶುರು ಮಾಡಿ ಪೂರ್ತಿ ಹೇಳುತ್ತೇನೆ. ಅತ್ತೆಗೆ ಬೇಜಾರೂ ಆಗುವುದಿಲ್ಲ, ಮುಂದಿನ ಸಲ ಅವರು ಕಳಿಸುವುದು ಈ ಕಥೆಯನ್ನೇ.

ಕಳಿಸುವಾಗ ಕನ್ನಡದಲ್ಲಿ ಎರಡು ಮೂರು ಸಾಲು ನಾನೇ ಬರೆಯುತ್ತೇನೆ. ಏನಿದು, ಎಲ್ಲಿಂದ ಬಂತು, ಯಾವುದನ್ನು ನೋಡಬೇಕು, ಇಷ್ಟಿದ್ದರೆ ಸಾಕು. ಆಫೀಸಿನ ಗೆಳೆಯರಿಗೆ ಒಮ್ಮೆ ಹೀಗೆ ಬರೆದಿದ್ದೆ: 'ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕಾಫಿ ಖಾಲಿಯಾಗಿದೆಯೋ ಇಲ್ಲವೋ ಅಂತ ಕೂತಲ್ಲೇ ನೋಡಲು 1991ರಲ್ಲಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟರು. 1993ರಲ್ಲಿ ಅದು ವೆಬ್‌ಗೆ ಬಂತು. ಜಗತ್ತಿನ ಮೊದಲ ವೆಬ್‌ಕ್ಯಾಮ್ ನೋಡಿದ್ದು ಒಂದು ಕಾಫಿ ಪಾತ್ರೆಯನ್ನು. 2001ರಲ್ಲಿ ಅದನ್ನು ನಿಲ್ಲಿಸಿದರು.' ಕೆಳಗೆ ಲಿಂಕ್. ಆ ದಿನ ಕಾಫಿ ಬಿಡುವಿನಲ್ಲಿ ಬೇರೆ ಮಾತೇ ಇರಲಿಲ್ಲ.

ಒಂದು ಕೆಲಸ ಇನ್ನೂ ಇದೆ, ಇದನ್ನು ಬಹಳ ಜನ ಮಾಡುವುದಿಲ್ಲ. ಅಂತರ್ಜಾಲದ ಪುಟಗಳು ಸದ್ದಿಲ್ಲದೆ ಮಾಯವಾಗುತ್ತವೆ. ಜನ ಪ್ರೀತಿಯಿಂದ ಮಾಡಿಕೊಂಡಿದ್ದ ಪುಟಗಳು ಲಕ್ಷಗಟ್ಟಲೆ ಇದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿಹೋಯಿತು. ಅದಕ್ಕೇ ನನಗೆ ತುಂಬ ಹಿಡಿಸಿದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸುತ್ತೇನೆ. ಇಂಟರ್ನೆಟ್ ಆರ್ಕೈವ್ ಅಂದರೆ ಬ್ರೂಸ್ಟರ್ ಕೇಲ್ 1996ರಲ್ಲಿ ಶುರು ಮಾಡಿದ ಉಚಿತ ಡಿಜಿಟಲ್ ಲೈಬ್ರರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು, ಒಳಗಿನ ಗಾದೆಗಳ ಸಮೇತ, ನಾನು ಓದುವುದೂ ಅಲ್ಲೇ. ಪುಟ ಉಳಿಸುವುದು ಸುಲಭ. 'ಸೇವ್ ಪೇಜ್ ನೌ' ಅನ್ನುವ ಪೆಟ್ಟಿಗೆಯಲ್ಲಿ ವಿಳಾಸ ಹಾಕಿ ಒತ್ತಿ. ಸ್ವಲ್ಪ ಹೊತ್ತಿಗೆ ಉಳಿಸಿದ ಪ್ರತಿಯ ಹೊಸ ವಿಳಾಸ ಸಿಗುತ್ತದೆ. ಚಿಕ್ಕಪ್ಪನ ಗಾಳಿ ನಕ್ಷೆಯಂತೆ ಮತ್ತೆ ಮತ್ತೆ ಬದಲಾಗುವ ಪುಟಕ್ಕೆ ಇದು ಹೊಂದುವುದಿಲ್ಲ. ಬರಹ, ಚಿತ್ರ ಇರುವ ಪುಟಕ್ಕೆ ಚೆನ್ನಾಗಿ ಆಗುತ್ತದೆ. ಕಳಿಸುವಾಗ ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಹಾಕುತ್ತೇನೆ.