ಎ2 ಇಲ್ಲದೆಯೂ ಸೋರುತ್ತದೆ: ನಾಗರ ವಿಷದ ಸೈಟೋಟಾಕ್ಸಿನ್ ಜೊತೆ ನನ್ನ ಅನುಭವ

ನಾಗರ ವಿಷದ ಸೈಟೋಟಾಕ್ಸಿನ್ (ಜೀವಕೋಶದ ಪೊರೆ ಕೆಡಿಸುವ ಸಣ್ಣ ಪ್ರೋಟೀನು) ಒಂದರಿಂದಲೇ ಲಿಪೋಸೋಮ್ (ಲಿಪಿಡ್ ಪೊರೆಯ ಪುಟ್ಟ ಗುಳ್ಳೆ) ಸೋರುವುದಿಲ್ಲ, ನೀನು ನೋಡುತ್ತಿರುವುದು ಅದೇ ವಿಷದಲ್ಲಿರುವ ಕಿಣ್ವ ಫಾಸ್ಫೋಲಿಪೇಸ್ ಎ2 ಮಾಡಿದ ಕೆಲಸ ಎಂದೇ ಎಲ್ಲರೂ ಹೇಳುತ್ತಿದ್ದರು. ಅನುಮಾನಕ್ಕೆ ಕಾರಣವಿತ್ತು. ವಿಷದ ಪ್ರೋಟೀನುಗಳನ್ನು ಆವೇಶದ ಮೇಲೆ ಬೇರ್ಪಡಿಸುವ ಕ್ಯಾಟಯಾನ್ ಎಕ್ಸ್‌ಚೇಂಜ್ ಒಂದೇ ಸುತ್ತು ಮಾಡಿದರೆ ಎ2 ಅಂಟಿಕೊಂಡೇ ಬರುತ್ತದೆ. ಜೆಲ್‌ನಲ್ಲಿ ಕಾಣದಷ್ಟು ಇದ್ದರೂ ಅದು ಕಿಣ್ವ, ಲಿಪಿಡ್ ಕತ್ತರಿಸುತ್ತಲೇ ಇರುತ್ತದೆ.

ಹಾಗಾಗಿ ಎರಡನೇ ಸುತ್ತು, ಜಿಡ್ಡುಸ್ನೇಹದ ಮೇಲೆ ಬೇರ್ಪಡಿಸುವ ರಿವರ್ಸ್ ಫೇಸ್ ಕಾಲಮ್ ಹಾಕಲೇಬೇಕು. ಎ2 ಇಳಿದ ಮೇಲೆ, ಸೈಟೋಟಾಕ್ಸಿನ್ ತಡವಾಗಿ ಇಳಿಯುತ್ತದೆ. ಎರಡೂ ಶಿಖರಗಳು ಹತ್ತಿರ ಬರುವ ಜಾಗದಲ್ಲಿ ಗ್ರೇಡಿಯೆಂಟನ್ನು (ದ್ರಾವಕದ ಏರಿಕೆಯನ್ನು) ನಾನು ಎಷ್ಟು ನಿಧಾನಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಸೈಟೋಟಾಕ್ಸಿನ್ ಶಿಖರದ ಮೊದಲ ಅರ್ಧವನ್ನು ಬಿಸಾಡಿ. ಇಳುವರಿ ಹೋಗುತ್ತದೆ, ಆದರೆ ಫಲಿತಾಂಶ ನಿಲ್ಲುತ್ತದೆ. ಡಯಾಲಿಸಿಸ್‌ಗೆ ಸಾಮಾನ್ಯ 12–14 ಕಿಲೋಡಾಲ್ಟನ್ ಚೀಲ ಬಳಸಿದರೆ ಸುಮಾರು 7 ಕಿಲೋಡಾಲ್ಟನ್‌ನ ಈ ಪ್ರೋಟೀನು ನೀರುಪಾಲು. 2 ಕಿಲೋಡಾಲ್ಟನ್‌ನ ಚೀಲ ದುಬಾರಿ, ಆದರೂ ಅದೇ ಬೇಕು.

ಎ2 ಉಳಿದಿದೆಯೇ ಎಂಬ ಪರೀಕ್ಷೆ ಸರಳ, ಏಕೆಂದರೆ ಎ2 ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು. ಬರೀ ಪಿಸಿ (ಫಾಸ್ಫಾಟಿಡೈಲ್‌ಕೋಲಿನ್ ಎಂಬ ಲಿಪಿಡ್) ಲಿಪೋಸೋಮಿಗೆ ಟಾಕ್ಸಿನ್ ಹಾಕಿ, ಒಂದರಲ್ಲಿ 2 ಮಿಲಿಮೋಲಾರ್ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಇಡಿ. ಕ್ಯಾಲ್ಸಿಯಂ ಇದ್ದಲ್ಲಿ ಸೋರಿಕೆ ಏರಿತೋ, ಎ2 ಇನ್ನೂ ಇದೆ ಎಂದೇ ಅರ್ಥ. ಇದು ದಾಟದ ಬ್ಯಾಚನ್ನು ಮುಂದಕ್ಕೆ ಒಯ್ಯಬೇಡಿ.

ಮುಖ್ಯ ಪ್ರಯೋಗದ ಲಿಪೋಸೋಮಿಗೆ ಪಿಸಿ ಏಳು ಪಾಲು, ಪಿಎಸ್ (ಋಣ ಆವೇಶದ ಲಿಪಿಡ್ ಫಾಸ್ಫಾಟಿಡೈಲ್‌ಸೆರಿನ್) ಮೂರು ಪಾಲು. 100 ನ್ಯಾನೋಮೀಟರ್ ರಂಧ್ರಗಳ ಸೋಸುಪೊರೆಯಲ್ಲಿ ಹತ್ತು-ಹನ್ನೆರಡು ಬಾರಿ ಹಾಯಿಸಿದ್ದು. ಒಳಗೆ 70 ಮಿಲಿಮೋಲಾರ್ ಕ್ಯಾಲ್ಸೀನ್, ಒತ್ತಾಗಿದ್ದಾಗ ಮಂಕಾಗಿದ್ದು ಹೊರಗೆ ಸೋರಿದಾಗ ಹೊಳೆಯುವ ಬಣ್ಣ. ಹೊರಗಿನ ಬಫರಿನ ಆಸ್ಮೊಲಾರಿಟಿಯನ್ನು (ಕರಗಿದ ಕಣಗಳ ಒಟ್ಟು ಸಾಂದ್ರತೆಯನ್ನು) ಲೆಕ್ಕ ಹಾಕದೆ ಅಳೆದೇ ಸರಿಹೊಂದಿಸಿ, ಇಲ್ಲದಿದ್ದರೆ ಟಾಕ್ಸಿನ್ ಬೀಳುವ ಮೊದಲೇ ಸೋರತೊಡಗುತ್ತದೆ. ಹೊರಗಿನ ಬಣ್ಣ ತೆಗೆಯಲು ಜಿ-50 ಕಾಲಮ್, ಕೊನೆಗೆ 0.1% ಟ್ರೈಟನ್ (ಮಾರ್ಜಕ) ಹಾಕಿ ಎಲ್ಲ ಲಿಪೋಸೋಮುಗಳನ್ನೂ ಒಡೆದು ನೂರು ಪ್ರತಿಶತ ಸೋರಿಕೆ ಗುರುತಿಸಿ. ಖರ್ಚಿನ ಬಹುಪಾಲು ಪಿಎಸ್‌ನದೇ. ಕಾಲಮ್ಮಿನಲ್ಲಿ ಲಿಪಿಡ್ ಒಂದಿಷ್ಟು ಉಳಿದೇ ಉಳಿಯುತ್ತದೆ, ಆದ್ದರಿಂದ ಕಾಲಮ್ ಆದ ಮೇಲೆ ಫಾಸ್ಫೇಟ್ ಅಳೆದು ಲಿಪಿಡ್ ಎಷ್ಟಿದೆ ಎಂದು ತಿಳಿಯದೆ ಟಾಕ್ಸಿನ್-ಲಿಪಿಡ್ ಅನುಪಾತ ಹೇಳುವುದರಲ್ಲಿ ಅರ್ಥವಿಲ್ಲ. ನನಗೆ 1:50ರ ಆಸುಪಾಸಿನಲ್ಲಿ ಚೊಕ್ಕ ರೇಖೆ ಬಂತು.

ಟಾಕ್ಸಿನ್ ಹೆಚ್ಚಿಸಿದರೆ ಇನ್ನೊಂದು ತೊಂದರೆ. ಧನಾತ್ಮಕ ಟಾಕ್ಸಿನ್ ಪಿಎಸ್‌ನ ಋಣ ಆವೇಶವನ್ನು ಅಡಗಿಸಿ ಲಿಪೋಸೋಮುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕ್ಯುವೆಟ್ ಕಣ್ಣಿಗೇ ಹಾಲುಹಾಲಾಗಿ ಕಾಣುತ್ತದೆ. ಆಗ ಪ್ರತಿದೀಪ್ತಿ ಏರಿದರೂ ಅದನ್ನು ಟಾಕ್ಸಿನ್ ಪೊರೆಯಲ್ಲಿ ಮಾಡಿದ ರಂಧ್ರದ ಲೆಕ್ಕಕ್ಕೆ ಬರೆಯಬೇಡಿ, 400 ನ್ಯಾನೋಮೀಟರಿನಲ್ಲಿ ಕದಡುವಿಕೆ ನೋಡಿಕೊಳ್ಳಿ. ಪ್ಲಾಸ್ಟಿಕ್ಕಿಗೂ ಟಾಕ್ಸಿನ್ ಮೆತ್ತಿಕೊಳ್ಳುತ್ತದೆ. ಕಡಿಮೆ ಸಾಂದ್ರತೆಯಲ್ಲಿ ಟಾಕ್ಸಿನ್ ‘ಸತ್ತಿದೆ’ ಎನ್ನುವ ಮುನ್ನ ಟ್ಯೂಬ್ ಬದಲಿಸಿ ನೋಡಿ.

ಬಫರಿನ ಉಪ್ಪು ಇಳಿಸಿ ಆಸ್ಮೊಲಾರಿಟಿಯನ್ನು ಸುಕ್ರೋಸ್‌ನಿಂದ ಸರಿದೂಗಿಸಿದಾಗ ಸೋರಿಕೆ ಚೆನ್ನಾಗಿ ಏರಿತು: ಮೊದಲ ಹಿಡಿತ ಆವೇಶದ್ದು, ಆಮೇಲೆ ಬೆರಳುಗಳಂತೆ ಚಾಚಿದ ಟಾಕ್ಸಿನ್ನಿನ ಮೂರು ಕುಣಿಕೆಗಳ ಜಿಡ್ಡುಸ್ನೇಹಿ ತುದಿಗಳು ಪೊರೆಯೊಳಗೆ ಇಳಿಯುತ್ತವೆ.

ಪಕ್ಕದಲ್ಲೇ ತೊಳೆದ ಕೆಂಪುರಕ್ತಕಣಗಳಲ್ಲೂ ನೋಡಿದೆ. ಅವುಗಳ ಪಿಎಸ್ ಒಳಪದರದಲ್ಲಿರುವುದರಿಂದ ಟಾಕ್ಸಿನ್ ಒಂದೇ ಆದರೆ 540 ನ್ಯಾನೋಮೀಟರಿನ ರೀಡಿಂಗ್ (ಹೊರಬಂದ ಹಿಮೋಗ್ಲೋಬಿನ್ನಿನ ಅಳತೆ) ಮೆಲ್ಲಗೆ ಏರುತ್ತದೆ. ತಾನೊಂದೇ ಕಣ ಒಡೆಯಲಾರದಷ್ಟು ಕಡಿಮೆ ಎ2 ಬೆರೆಸಿದ ಟ್ಯೂಬಿನಲ್ಲಿ ಮಾತ್ರ ಬಲು ಬೇಗ ಕೆಂಪು ಬಿಟ್ಟಿತು. ಎ2 ತೆಗೆದ ಬ್ಯಾಚ್ ಕೈಯಲ್ಲಿದ್ದದ್ದರಿಂದಲೇ ಎರಡರ ಪಾಲನ್ನೂ ಬೇರೆಬೇರೆಯಾಗಿ ಅಳೆಯಲು ಸಾಧ್ಯವಾಯಿತು.