ಡೈರೆಕ್ಟರ್ ಸಿಕ್ಕಿದ್ದು ಕೃತಜ್ಞತೆಯ ಪ್ಯಾರಾದಲ್ಲಿ

ನಮ್ಮ ವಿಶ್ವವಿದ್ಯಾಲಯದ ಬಾಹ್ಯಾಕಾಶ ಸಂಶೋಧನಾ ಕೇಂದ್ರಕ್ಕೆ ಕೊನೆಗೂ ಒಬ್ಬ ಡೈರೆಕ್ಟರ್ ಬಂದು ವರ್ಷದ ಮೇಲಾಯಿತು. ಇನ್ನೂ ಬಿಟ್ಟುಹೋಗಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂತು. "ನೀವು ನೇಮಕಾತಿ ಮಾಡ್ತಿದ್ದೀರೋ, ಸಂಬಂಧ ಕುದುರಿಸ್ತಿದ್ದೀರೋ?" ಎಂದು ನಮ್ಮ ಹಣಕಾಸು ಅಧಿಕಾರಿಗಳು ತುಂಬಿದ ಮೀಟಿಂಗಿನಲ್ಲಿ ಕೇಳಿದ್ದರು. ಅವರೇ ಮೊನ್ನೆ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕರೆದು, "ಬಯೋಟೆಕ್ ಸೆಂಟರ್‌ಗೂ ಹೀಗೇ ಒಬ್ಬರನ್ನ ನೋಡಿ ಸರ್" ಅಂದರು. ಕಾಫಿ ದುಡ್ಡು ಕೂಡ ಅವರೇ ಕೊಟ್ಟರು.

ನನ್ನಂತೆ ಆಯ್ಕೆ ಸಮಿತಿಯ ಸಂಚಾಲಕರಾಗಿ ಒಮ್ಮೆಯಾದರೂ ಕೈ ಸುಟ್ಟುಕೊಂಡವರಿಗೆ ಇದು. ಎಪಿಐ ಅಂಕ, ಎನ್‌ಒಸಿ, ಸ್ಕ್ರೂಟಿನಿ ಶೀಟು ಇಂಥ ನೇಮಕಾತಿಯ ಕಾಗದಪತ್ರವೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಹೇಳಲು ಹೋಗಲ್ಲ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೂ ತೆರೆಯಿತಲ್ವಾ, ಆಗ ನಮ್ಮ ಆಡಳಿತ ಮಂಡಳಿಗೂ ಆಸೆ ಹುಟ್ಟಿತು. ಬೆಂಗಳೂರಿನ ಕಾಲೇಜುಗಳ ಕಥೆ ಎಲ್ಲರ ಬಾಯಲ್ಲಿತ್ತು. 2010ರಲ್ಲಿ ಬೆಂಗಳೂರು, ಹೈದರಾಬಾದಿನ ಏಳು ಕಾಲೇಜಿನ ಹುಡುಗರು ಸೇರಿ ಒಂದು ಕೇಜಿಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಉಪಗ್ರಹ ಮಾಡಿದ್ದರು. 2016ರಲ್ಲಿ ಪಿಇಎಸ್ ವಿಶ್ವವಿದ್ಯಾಲಯದವರ ಐದು ಕೇಜಿಯ ಪೈಸ್ಯಾಟ್ ಹೋಯಿತು. "ನಮಗೇನು ಕಮ್ಮಿ?" ಎಂದರು ಮಂಡಳಿಯವರು. ಭೌತಶಾಸ್ತ್ರ, ಇಲೆಕ್ಟ್ರಾನಿಕ್ಸ್, ಭೂವಿಜ್ಞಾನ, ಕೃಷಿ, ಕಂಪ್ಯೂಟರ್ ಹೀಗೆ ಐದು ವಿಭಾಗಕ್ಕೆ ಸೇರಿ ಒಂದು ಕೇಂದ್ರ. ಕಟ್ಟಡ ಎಂಟು ತಿಂಗಳಲ್ಲಿ ಎದ್ದಿತು. ಬೋರ್ಡೂ ಬಂತು. ಒಳಗೆ ಕೂರುವವರು ಬರಲಿಲ್ಲ.

ಮೊದಲ ಸಲ ಎಲ್ಲರಂತೆ ಜಾಹೀರಾತು ಕೊಟ್ಟೆವು. ಎರಡು ಪತ್ರಿಕೆಗೆ ಸುಮಾರು ಮೂರು ಲಕ್ಷ ಖರ್ಚು. ಮೂವತ್ತೆಂಟೋ ನಲವತ್ತೋ ಅರ್ಜಿ ಬಂದವು. ತಪ್ಪು ಮಾಡಿದ್ದು ಅರ್ಹತೆಯ ಸಾಲಿನಲ್ಲಿ. ಪ್ರೊಫೆಸರ್ ಹುದ್ದೆಯ ಅರ್ಹತೆಯನ್ನೇ ಎತ್ತಿ ಅಂಟಿಸಿದ್ದೆವು: ಪಿಎಚ್‌ಡಿ ಬೇಕು, ಹತ್ತು ವರ್ಷದ ಅನುಭವ ಬೇಕು, ಹತ್ತು ಪೇಪರ್ ಬೇಕು. ಉಪಗ್ರಹ ಕಟ್ಟಿದ ಎಂಜಿನಿಯರುಗಳಲ್ಲಿ ಬಹಳ ಜನ ಬಿಇ ಅಥವಾ ಎಂಟೆಕ್ ಮುಗಿಸಿ ಸೀದಾ ಕೆಲಸಕ್ಕೆ ಸೇರಿದವರು. ಅವರಿಗೆಲ್ಲಿಯ ಪಿಎಚ್‌ಡಿ? ಮೂವತ್ತು ವರ್ಷ ಅದೇ ಕೆಲಸ ಮಾಡಿದ ಒಬ್ಬರ ಅರ್ಜಿಯ ಮೇಲೆ ನಮ್ಮ ಗುಮಾಸ್ತರು ಕೆಂಪು ಶಾಯಿಯಲ್ಲಿ "ಅನರ್ಹ" ಎಂದು ಬರೆದು ಪಕ್ಕಕ್ಕಿಟ್ಟಿದ್ದರು. ಎರಡು ವರ್ಷ ಆದಮೇಲೆ ಹಳೇ ಫೈಲು ತಿರುವಿ ಹಾಕುವಾಗ ನನ್ನ ಕಣ್ಣಿಗೆ ಬಿತ್ತು. ಫೋನ್ ಮಾಡಿದೆ. ಅವರು ಅಷ್ಟೊತ್ತಿಗೆ ಬೇರೆ ಕಡೆ ಸೇರಿಯಾಗಿತ್ತು.

ಆ ಸಲ ಆರಿಸಿದ್ದು ದೊಡ್ಡ ಹೆಸರಿನವರನ್ನು. ಅವರ ಚೇಂಬರಿಗೆ ಒಂಬತ್ತು ಲಕ್ಷ ಹಾಕಿ ಮರದ ಕೆಲಸ ಮಾಡಿಸಿದೆವು. ಕಾರು, ಡ್ರೈವರ್ ಬೇರೆ. ವಾರಕ್ಕೊಂದು ದಿನ, ಮಂಗಳವಾರ ಬರುತ್ತಿದ್ದರು. ಹಾರ, ಶಾಲು, ಭಾಷಣ. ಹನ್ನೊಂದು ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಅವರನ್ನು ಯಾಕೆ ಬೈಯಲಿ? ನಾವು ಕೇಳಿದ್ದು ಹೆಸರು, ಅವರು ಕೊಟ್ಟಿದ್ದೂ ಹೆಸರೇ.

ಎರಡನೇ ಸಲ ಒಂದು ನೇಮಕಾತಿ ಏಜೆನ್ಸಿ ಹಿಡಿದೆವು. ಚಂದ್ರಯಾನ-3 ಇಳಿದ ಸಮಯ, 2023ರ ಆಗಸ್ಟ್. ಎಲ್ಲರಿಗೂ ಹುಮ್ಮಸ್ಸು. ನಾಲ್ಕೂವರೆ ಲಕ್ಷಕ್ಕೆ ಮಾತಾಯಿತು, ಅರ್ಧ ಅಡ್ವಾನ್ಸ್, ವಾಪಸ್ ಇಲ್ಲ. ಮೂರು ತಿಂಗಳಾದ ಮೇಲೆ ಆರು ಜನರ ಬಯೋಡೇಟಾ ಕಳಿಸಿದರು. ಅದರಲ್ಲಿ ಮೂರು ನಮ್ಮ ಬೀರುವಿನಲ್ಲೇ ಇದ್ದವು, ಮೊದಲ ಜಾಹೀರಾತಿನ ಕಂತೆಯಲ್ಲಿ!

ಆಮೇಲೆ ಕುಲಪತಿಗಳ ಹತ್ತಿರ ಹೋಗಿ, "ಆರು ತಿಂಗಳು ನನಗೆ ಬಿಡಿ. ಜಾಹೀರಾತು ಬೇಡ, ಏಜೆಂಟರೂ ಬೇಡ. ಟಿಎ ಬಿಲ್ ಮಾತ್ರ ಪಾಸ್ ಮಾಡಿಸಿ" ಎಂದೆ. ಹೂಂ ಅಂದರು. ನಂಬಿಕೆಯಿಂದ ಅಂದದ್ದಲ್ಲ, ಸುಸ್ತಾಗಿ ಅಂದದ್ದು.

ನನ್ನ ಲೆಕ್ಕ ಇಷ್ಟೇ ಇತ್ತು. ಐದು ವಿಭಾಗದ ಮಧ್ಯೆ ನಿಲ್ಲುವವರು ನಮಗೆ ಬೇಕು. ಹಾಗೆ ಮಧ್ಯೆ ನಿಂತು ಬದುಕಿ ಬಂದವರು ಎಲ್ಲಿದ್ದಾರೆ? 2015ರಲ್ಲಿ ಹಾರಿದ ನಮ್ಮ ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟನ್ನೇ ತಗೊಳ್ಳಿ. ಒಂದೇ ಉಪಗ್ರಹದ ಮೇಲೆ ಐದು ಉಪಕರಣ. ಮುಂಬೈಯ ಟಿಐಎಫ್‌ಆರ್, ಕೋರಮಂಗಲದ ಐಐಎ, ಪುಣೆಯ ಐಯುಕಾ ಎಂಬ ಸಂಶೋಧನಾ ಸಂಸ್ಥೆಗಳು, ಜೊತೆಗೆ ಕೆನಡಾ ಮತ್ತು ಇಂಗ್ಲೆಂಡಿನವರು. ವಿಜ್ಞಾನಿಗೆ ತನ್ನ ಉಪಕರಣಕ್ಕೆ ಇನ್ನೊಂದು ಕೇಜಿ ಬೇಕು, ಎಂಜಿನಿಯರು ಒಂದು ಗ್ರಾಮೂ ಕೊಡಲ್ಲ. ಇವರಿಬ್ಬರ ನಡುವೆ ಯಾರೋ ಒಬ್ಬರು ವರ್ಷಗಟ್ಟಲೆ ಕೂತು ಕನೆಕ್ಟರ್ ಯಾವುದು, ಸ್ಕ್ರೂ ಎಲ್ಲಿ, ವೋಲ್ಟೇಜ್ ಎಷ್ಟು ಎಂದು ಇಬ್ಬರ ಕೈಲೂ ಸಹಿ ಹಾಕಿಸಿರುತ್ತಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರಲ್ಲ. ಪೇಪರಿನ ಲೇಖಕರ ಪಟ್ಟಿಯಲ್ಲೂ ಎಷ್ಟೋ ಸಲ ಇರಲ್ಲ. ಕೊನೆಯಲ್ಲಿ ಕೃತಜ್ಞತೆಯ ಪ್ಯಾರಾ ಇರುತ್ತಲ್ಲ, ಅಲ್ಲಿ ಇರುತ್ತದೆ.

ಆ ಪ್ಯಾರಾ ಓದಲು ಕೂತೆ. ಉಪಕರಣಗಳ ಬಗ್ಗೆ ಬಂದ ಎಪ್ಪತ್ತು ಎಂಬತ್ತು ಪೇಪರ್ ಇಳಿಸಿಕೊಂಡೆ. ಬೇರೆ ಬೇರೆ ಸಂಸ್ಥೆಯವರು ಬರೆದ ಪೇಪರುಗಳಲ್ಲಿ ಒಂದೇ ಹೆಸರಿಗೆ ಮತ್ತೆ ಮತ್ತೆ ಥ್ಯಾಂಕ್ಸ್ ಬಂದಿದೆಯಾ? ಹಾಗಿದ್ದರೆ ನೋಟ್‌ಬುಕ್ಕಿಗೆ ಏರಿಸು. ಎರಡು ತಿಂಗಳು ರಾತ್ರಿ ಹೊತ್ತು ಇದೇ ಕೆಲಸ. ಮನೆಯಲ್ಲಿ, "ರಿಟೈರ್ ಆಗೋ ವಯಸ್ಸಲ್ಲಿ ಪರೀಕ್ಷೆಗೆ ಓದ್ತಿದ್ದೀರಾ?" ಎಂದು ನಕ್ಕರು. ನಲವತ್ತರ ಆಸುಪಾಸು ಹೆಸರು ಸಿಕ್ಕವು.

ಮುಂದಿನ ಹೆಜ್ಜೆಗೆ ಸಮಿತಿಯ ಇಬ್ಬರು ಮುನಿಸಿಕೊಂಡರು. ಅಭ್ಯರ್ಥಿ ಕೊಟ್ಟ ರೆಫರೆನ್ಸ್‌ಗಳಿಗೆ ನಾನು ಫೋನ್ ಮಾಡಲಿಲ್ಲ. ಅವರ ಕೈಕೆಳಗೆ ಕೆಲಸ ಮಾಡಿದವರನ್ನು ಹುಡುಕಿ ಮಾತಾಡಿಸಿದೆ. ಮೇಲಿನವರು ಯಾರ ಬಗ್ಗೆಯೂ ಕೆಟ್ಟದ್ದು ಹೇಳಲ್ಲ. ಕೆಳಗಿನವರೂ ಹೇಳಲ್ಲ, ಆದರೆ ಅವರು ಸುಮ್ಮನಾಗುವ ಜಾಗ ಗೊತ್ತಾಗುತ್ತದೆ. ಮೂರು ಪ್ರಶ್ನೆ ಕೇಳುತ್ತಿದ್ದೆ. ಟೆಸ್ಟ್ ಫೇಲ್ ಆದ ರಾತ್ರಿ ಅವರು ಎಲ್ಲಿದ್ದರು? ನಿಮ್ಮ ತಪ್ಪನ್ನು ರಿವ್ಯೂನಲ್ಲಿ ಯಾರ ಹೆಸರಲ್ಲಿ ಹೇಳಿದರು? ಮೂರನೆಯದು ನನ್ನ ಹತ್ತಿರವೇ ಇರಲಿ. ಅದು ಊರಿಗೆಲ್ಲ ಗೊತ್ತಾದರೆ ಕೆಲಸ ಮಾಡಲ್ಲ.

ನಲವತ್ತು ಹನ್ನೊಂದಾಯಿತು, ಹನ್ನೊಂದರಲ್ಲಿ ಐವರು ಬರಲು ಒಪ್ಪಿದರು. ಇಂಟರ್‌ವ್ಯೂ ಅಂತ ಕರೆಯಲಿಲ್ಲ. ಮೂರು ದಿನ ನಮ್ಮ ಗೆಸ್ಟ್ ಹೌಸಲ್ಲಿರಿ, ವಿಭಾಗಗಳಲ್ಲಿ ಓಡಾಡಿ ಎಂದೆ. ರೈಲು, ಊಟ, ದಿನಕ್ಕಿಷ್ಟು ಗೌರವಧನ ಎಲ್ಲ ಸೇರಿ ತಲೆಗೆ ಇಪ್ಪತ್ತೈದು ಮೂವತ್ತು ಸಾವಿರ ಬಿತ್ತು. ಪೂರ್ತಿ ಹುಡುಕಾಟ ಒಂದೂವರೆ ಲಕ್ಷ ಚಿಲ್ಲರೆಯಲ್ಲಿ ಮುಗಿಯಿತು. ಏಜೆನ್ಸಿಯವರ ಅಡ್ವಾನ್ಸೇ ಅದಕ್ಕಿಂತ ಜಾಸ್ತಿ ಇತ್ತು. ಇದನ್ನು ಮೀಟಿಂಗಿನಲ್ಲಿ ಎರಡು ಸಲ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ.

ಟೆರೇಸಿನ ವಿಷಯ ಇಲ್ಲೇ ಹೇಳಬೇಕು. ಕೇಂದ್ರಕ್ಕೆ ಯಜಮಾನರಿಲ್ಲದ ದಿನಗಳಲ್ಲಿ ಹುಡುಗರು ಸುಮ್ನೆ ಕೂರಲಿಲ್ಲ. ಎರಡು ಅಲ್ಯೂಮಿನಿಯಂ ಕಡ್ಡಿ, ತಲಾ ಐವತ್ತಮೂರು ಸೆಂಟಿಮೀಟರ್, ನಡುವೆ 120 ಡಿಗ್ರಿ ಕೋನ ಬಿಟ್ಟು ಮಾಡಿದ ಆಂಟೆನಾ. ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್, ಐದು ಸಾವಿರದೊಳಗಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. 137 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ಹವಾಮಾನ ಉಪಗ್ರಹ ನೋವಾ-19 ತಲೆಮೇಲೆ ಹೋಗುವಾಗ ಅರಬ್ಬಿ ಸಮುದ್ರದ ಮೋಡಗಳ ಚಿತ್ರ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲ ಚಿತ್ರ ಬಂದ ದಿನ ಅಡುಗೆಭಟ್ಟರೂ ಬಂದು ನೋಡಿದರು. (ಆ ಹಳೆಯ ನೋವಾ ಉಪಗ್ರಹಗಳನ್ನು 2025ರಲ್ಲಿ ಒಂದೊಂದಾಗಿ ಬಂದ್ ಮಾಡಿಬಿಟ್ಟರು. ಈಗ ನಮ್ಮ ಹುಡುಗರು ರಷ್ಯಾದ ಮೀಟಿಯರ್ ಉಪಗ್ರಹದ ಚಿತ್ರ ಹಿಡಿಯುತ್ತಾರೆ.) ಆದರೆ ಆ ಮಳೆಗಾಲದಲ್ಲಿ ಚಿತ್ರದ ತುಂಬಾ ಮರಳು ಚೆಲ್ಲಿದಂತೆ ಗಲೀಜು. ಕಾರಣ ಗೊತ್ತಾಗಿರಲಿಲ್ಲ.

ಬಂದ ಐವರಿಗೂ, "ಮೇಲೆ ಹುಡುಗರು ಏನೋ ಮಾಡಿದ್ದಾರೆ" ಎಂದಷ್ಟೇ ಹೇಳುತ್ತಿದ್ದೆ. ಒಬ್ಬರು ಮಂಡಿನೋವು ಎಂದರು, ಸರಿ. ಇನ್ನೊಬ್ಬರಿಗೆ ಮಂಡಿನೋವೂ ಇರಲಿಲ್ಲ, ಹತ್ತಲಿಲ್ಲ. ಒಬ್ಬರು ಹತ್ತಿ ಸೆಲ್ಫಿ ತೆಗೆದುಕೊಂಡರು. ಒಬ್ಬರು ಬಿಸಿಲಲ್ಲಿ ನಲವತ್ತು ನಿಮಿಷ ಆಂಟೆನಾ ಪಾಠ ಮಾಡಿದರು, ಒಳ್ಳೆಯ ಪಾಠವೇ. ಐದನೆಯವರು ಮೇಡಂ. ನಿವೃತ್ತರಾಗಿ ಒಂದೂವರೆ ವರ್ಷವಾಗಿತ್ತು, ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲವಂತೆ. ಸೆರಗು ಸಿಕ್ಕಿಸಿಕೊಂಡು ಬಗ್ಗಿ ಕನೆಕ್ಟರ್ ಮುಟ್ಟಿ ನೋಡಿ, "ಇಕ್ಕಳ ಇದೆಯಾ?" ಎಂದರು. ಬಿಚ್ಚಿದರೆ ಒಳಗೆ ನೀರು. "ಇದನ್ನ ಯಾರು ನೋಡ್ಕೊಳ್ತಾರೆ?" ಎಂದು ಕೇಳಿ, ಡಿಪ್ಲೊಮಾ ಓದಿದ ನಮ್ಮ ಲ್ಯಾಬ್ ಹುಡುಗನನ್ನು ಕರೆಸಿ, ಟೇಪ್ ಹೇಗೆ ಸುತ್ತಬೇಕು ಎಂದು ಅವನ ಕೈಲೇ ಮಾಡಿಸಿದರು. "ಇಪ್ಪತ್ತು ಮೀಟರ್ ಕೇಬಲ್ ಎಳೆದಿದ್ದೀರಿ, ಆಂಪ್ಲಿಫೈಯರ್ ಕೆಳಗೆ ಇಟ್ಟಿದ್ದೀರಿ. ಗಲೀಜೂ ದೊಡ್ಡದಾಗಿ ಕೇಳತ್ತೆ ಅಷ್ಟೆ. ಮೇಲೆ ತಂದು ಹಾಕು ಮಗಾ" ಎಂದರು. ನನಗೆ ಅಲ್ಲೇ ಮುಗಿದಿತ್ತು.

ಸಮಿತಿಗೆ ಮುಗಿದಿರಲಿಲ್ಲ. ಅದಕ್ಕೆ ಎರಡನೇ ದಿನ ಬಂದವರಿಗೆಲ್ಲ ಒಂದು ಪಂದ್ಯ ಇಟ್ಟಿದ್ದೆವು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತವನ್ನು ಕಕ್ಷೆಯಲ್ಲೇ ಉಳಿಸಿಕೊಂಡು ಪ್ರಯೋಗಕ್ಕೆ ಜಾಗ ಕೊಡುತ್ತಾರಲ್ಲ, ಪೋಯೆಮ್, 2022ರ ಜೂನ್‌ನಿಂದ ನಡೆದಿದೆ. ಅದರಲ್ಲಿ ನಮಗೆ ಒಂದೇ ಪೆಟ್ಟಿಗೆಯ ಜಾಗ ಸಿಕ್ಕಿದೆ ಅಂದುಕೊಳ್ಳಿ. ಕೃಷಿಯವರಿಗೆ ಬೀಜ ಮೊಳೆಸಬೇಕು, ಭೂವಿಜ್ಞಾನದವರಿಗೆ ಕ್ಯಾಮೆರಾ ಬೇಕು, ಇಲೆಕ್ಟ್ರಾನಿಕ್ಸ್‌ನವರಿಗೆ ರೇಡಿಯೋ. ಯಾರಿಗೆ ಕೊಡುತ್ತೀರಿ? ಸಿಗದವರಿಗೆ ಎದುರಿಗೇ ಕೂತು ಹೇಳಬೇಕು. ಇಬ್ಬರು "ಸಮಿತಿ ಮಾಡೋಣ" ಎಂದರು. ಒಬ್ಬರು ಭೂವಿಜ್ಞಾನದ ಮುಖ್ಯಸ್ಥರ ಜೊತೆ ಜಗಳಕ್ಕೇ ನಿಂತರು. ಮೇಡಂ ಅರ್ಧ ದಿನ ಮೂರೂ ಕಡೆ ಕೂತು ಕೇಳಿಸಿಕೊಂಡು ಬಂದು, "ಸರ್, ನಿಮಗೆ ಬೇಕಾದ ಚಿತ್ರ ಹತ್ತು ಮೀಟರ್ ವಿವರದಲ್ಲಿ ಯುರೋಪಿನ ಸೆಂಟಿನೆಲ್ ಉಪಗ್ರಹದಿಂದ ಬಿಟ್ಟಿ ಸಿಗತ್ತೆ. ಬೀಜ ಡೌನ್‌ಲೋಡ್ ಆಗಲ್ಲ. ಈ ಸಲ ಕೃಷಿಗೆ" ಎಂದರು. ಭೂವಿಜ್ಞಾನದವರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಅಂಕಪಟ್ಟಿಯಲ್ಲಿ ಮೇಡಂಗೆ ಅತಿ ಹೆಚ್ಚು ಅಂಕ ಕೊಟ್ಟವರೂ ಅವರೇ.

ಇಷ್ಟಾದರೂ ನಾನು ಮೊದಲು ಮಾತು ಕೊಟ್ಟಿದ್ದು ಮೇಡಂಗಲ್ಲ, ನಿಜ ಹೇಳಿಬಿಡುತ್ತೇನೆ. ಅವರಿಗಿಂತ ಮುಂಚೆ ಬಂದಿದ್ದ ಪಾಠದ ಮೇಷ್ಟ್ರಿಗೆ, ಮಂಡಳಿಯ ಒಪ್ಪಿಗೆ ಬರುವ ಮೊದಲೇ "ನೀವೇ ಸರ್" ಎಂದು ಬಾಯಿಬಿಟ್ಟಿದ್ದೆ. ಅವರು ಆ ಮಾತನ್ನು ತೋರಿಸಿ ಬೆಂಗಳೂರಿನ ಸ್ಟಾರ್ಟಪ್ ಒಂದರಲ್ಲಿ ನಮ್ಮ ಸಂಬಳದ ಎರಡರಷ್ಟು ಕುದುರಿಸಿಕೊಂಡರು. ಆರು ವಾರ ಹೋಯಿತು. ಕುಲಪತಿಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದೆ.

ಮೇಡಂಗೂ ಪಿಎಚ್‌ಡಿ ಇಲ್ಲ. ಮತ್ತೆ ಅದೇ ಕೆಂಪು ಶಾಯಿ ಆಗಬಾರದಲ್ಲ? ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ದಾರಿ ಹಿಡಿದೆವು. ಹದಿನೈದು ವರ್ಷದ ಹಿರಿಯ ಮಟ್ಟದ ಅನುಭವ ಇದ್ದರೆ ಡಿಗ್ರಿ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳ ಹತ್ತು ಶೇಕಡಾ ಮೀರಬಾರದು, ಅದೊಂದು ನೋಡಿಕೊಳ್ಳಿ. ಮೇಷ್ಟ್ರ ಕೆಲಸದಲ್ಲಿರುವವರಿಗೆ, ಅದರಿಂದ ನಿವೃತ್ತರಾದವರಿಗೆ ಈ ದಾರಿ ಇಲ್ಲ. ಅದರ ಮೇಲೆ ಡೈರೆಕ್ಟರ್ ಜವಾಬ್ದಾರಿ ಕೂರಿಸಿದ ಆದೇಶದ ಒಕ್ಕಣೆ ಹೇಗಿತ್ತು ಎಂದು ಕೇಳಬೇಡಿ. ಅದಕ್ಕೆ ನಾನು, ಕುಲಸಚಿವರು ಮೂರು ಭಾನುವಾರ ಕಳೆದಿದ್ದೇವೆ.

ಮಂಡಳಿಯಲ್ಲಿ ಕೊನೆಯ ಆಕ್ಷೇಪ, "ಇವರು ವಿಜ್ಞಾನಿಯೋ, ಎಂಜಿನಿಯರೋ?" ಯು. ಆರ್. ರಾವ್ ಅವರನ್ನು ನೆನಪಿಸಿದೆ. ಉಡುಪಿ ಹತ್ತಿರದ ಅದಮಾರಿನವರು, ಕಾಸ್ಮಿಕ್ ಕಿರಣ ಓದಿದ ಭೌತವಿಜ್ಞಾನಿ. ಪೀಣ್ಯದ ಶೆಡ್ಡುಗಳಲ್ಲಿ, ಉಪಗ್ರಹವನ್ನೇ ಮಾಡಿರದ ಹುಡುಗರನ್ನು ಕಟ್ಟಿಕೊಂಡು ನಮ್ಮ ದೇಶದ ಮೊದಲ ಉಪಗ್ರಹ, 360 ಕೇಜಿಯ ಆರ್ಯಭಟ ಮಾಡಿಸಿದರು. 1975ರ ಏಪ್ರಿಲ್‌ನಲ್ಲಿ ಅದು ಹಾರಿಯೂ ಹಾರಿತು. ಅವರನ್ನು ಯಾವ ಡಬ್ಬಕ್ಕೆ ಹಾಕುತ್ತೀರಿ? ನಮ್ಮ ಅಧ್ಯಕ್ಷರು ಕರಾವಳಿಯವರು. ಅದಮಾರು ಅಂದ ಕೂಡಲೇ ಪೆನ್ನು ಕೈಗೆ ತೆಗೆದುಕೊಂಡರು. ಗೊತ್ತಿದ್ದೇ ಹೇಳಿದ್ದೆ.

ಸಂಬಳದಲ್ಲಿ ಎಳೆದಾಟ ಜೋರಾಗಿಯೇ ಇತ್ತು. ಮೇಡಂ ಎರಡೂವರೆ ಲಕ್ಷ ಎಂದರು, ನಮ್ಮವರು ಒಂದು ಎಂಬತ್ತು ಎಂದರು, ಎರಡು ಹತ್ತಕ್ಕೆ ನಿಂತಿತು. ಜೊತೆಗೆ ಅವರು ಕೇಳಿದ್ದು ಒಳ್ಳೆ ಬೆಸುಗೆ ಹಾಕುವ ಇಬ್ಬರು ಟೆಕ್ನಿಶಿಯನ್, ಮತ್ತು ಮೂರು ಲಕ್ಷದವರೆಗೆ ಯಾರನ್ನೂ ಕೇಳದೆ ಸಹಿ ಹಾಕುವ ಅಧಿಕಾರ. ಈ ಕೊನೆಯದನ್ನು ಕೊಡಲು ಹಣಕಾಸಿನವರು ಸಂಬಳಕ್ಕಿಂತ ಜಾಸ್ತಿ ಒದ್ದಾಡಿದರು. ಪತಿ ಬೆಂಗಳೂರಿನಲ್ಲೇ ಇದ್ದಾರೆ, ಶುಕ್ರವಾರ ರಾತ್ರಿಯ ರೈಲು ತಪ್ಪಿಸಲ್ಲ ಎಂದೂ ಮೇಡಂ ಬರೆಸಿಕೊಂಡರು.

ಬಂದ ಎರಡನೇ ವಾರ ಆ ಒಂಬತ್ತು ಲಕ್ಷದ ಚೇಂಬರಿನ ಮರದ ಹಲಗೆಯೆಲ್ಲ ಬಿಚ್ಚಿಸಿ, ಅಲ್ಲಿ ಜೋಡಣೆಯ ಬೆಂಚು ಹಾಕಿಸಿದರು. ಕೃಷಿಯವರು ಅದೇ ಹೊತ್ತಿಗೆ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರಿನಲ್ಲಿ ಕ್ಲೈನೋಸ್ಟಾಟ್ (ಮೇಲೆ-ಕೆಳಗೆ ಯಾವುದೆಂದು ಗಿಡಕ್ಕೆ ಗೊತ್ತಾಗದಂತೆ ಸುತ್ತಿಸುವ ಯಂತ್ರ) ಮಾಡಿ ಅಲಸಂದೆ ಮೊಳೆಸುತ್ತಿದ್ದರು. ನಿಮಿಷಕ್ಕೆ ಐದಾರು ಸುತ್ತು. ಮೊದಲ ಕಂತಿನಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿಯಿತು, ಎರಡನೆಯದರಲ್ಲಿ ಮೋಟಾರೇ ಸುಟ್ಟಿತು. ಆಗಲೇ ಸುದ್ದಿ ಬಂತು: 2024ರ ಡಿಸೆಂಬರ್ 30ಕ್ಕೆ ಹೋದ ಪಿಎಸ್‌ಎಲ್‌ವಿ-ಸಿ60ರ ಪೋಯೆಮ್‌ನಲ್ಲಿ ಇಸ್ರೋದವರ ಅಲಸಂದೆ ನಾಲ್ಕೇ ದಿನಕ್ಕೆ ಮೊಳೆತಿದೆ. ನಮ್ಮ ಹುಡುಗರು ಸಪ್ಪಗಾದರು. ಮೇಡಂ, "ಮೊಳೆಯತ್ತೆ ಅಂತ ತೋರಿಸೋ ಖರ್ಚು ನಮಗೆ ಉಳೀತಲ್ಲ" ಎಂದು ಕಡಲೆ, ಹುರುಳಿ ತರಿಸಿದರು. 2025ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಗಗನಯಾತ್ರಿ ಶುಭಾಂಶು ಶುಕ್ಲಾ ಜೊತೆ ಬಾಹ್ಯಾಕಾಶ ನಿಲ್ದಾಣಕ್ಕೇ ಹೋಗಿ ಬಂದವು. ಈಗ ನಮ್ಮಲ್ಲಿ ಹುರುಳಿ ಪೆಟ್ಟಿಗೆಯ ಎರಡನೇ ಮಾದರಿ ತಯಾರಾಗಿದೆ. ಬಾಗಿಲ ಕೀಲು ಮಾಡಿದ್ದು ಭೂವಿಜ್ಞಾನದ ವರ್ಕ್‌ಶಾಪಿನಲ್ಲಿ!

ಒಂದು ತಕರಾರು ಉಳಿದಿದೆ. ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂದರೆ ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಹಾಗಾಗಿ ರಾತ್ರಿ ಮತ್ತೆ ಕೃತಜ್ಞತೆಯ ಪ್ಯಾರಾ ಓದಲು ಕೂತಿದ್ದೇನೆ. ಈ ಸಲ ಸೂರ್ಯನನ್ನು ನೋಡುವ ಆದಿತ್ಯ-ಎಲ್1ರ ಪೇಪರುಗಳು, ಏಳು ಉಪಕರಣ. ಮೇಡಂಗೆ ವಿಷಯ ಗೊತ್ತು. ಹೋದ ವಾರ ನನ್ನ ನೋಟ್‌ಬುಕ್ ಇಸಕೊಂಡು, ಎರಡು ಹೆಸರು ಹೊಡೆದುಹಾಕಿ, ಒಂದು ಹೆಸರು ಸೇರಿಸಿ ವಾಪಸ್ ಕೊಟ್ಟರು.